ಶೋಧ ಸಲಹೆಗಳ ನಿಯಂತ್ರಣ

ಬಳಕೆದಾರರು ಟೈಪ್ ಮಾಡುತ್ತಿರುವಾಗಲೇ ಶೋಧಯಂತ್ರ ತಾನಾಗಿ ತೋರಿಸುವ ಸಲಹೆಗಳಲ್ಲಿ ಕೆಲವನ್ನು ತಡೆಹಿಡಿಯುವ ಕ್ರಮ. ಗೂಗಲ್ ಸಲಹೆ ತೋರಿಸುವ ಸೌಲಭ್ಯವನ್ನು 2004ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ, 2008ರಲ್ಲಿ ಮುಖಪುಟಕ್ಕೆ ತಂದಿತು. ಸಲಹೆಗಳು ಹೆಚ್ಚಾಗಿ ಇತರರ ಹುಡುಕಾಟಗಳಿಂದಲೇ ಹುಟ್ಟುವುದರಿಂದ ವದಂತಿ, ಪೂರ್ವಗ್ರಹಗಳೂ ಅವುಗಳಲ್ಲಿ ನುಸುಳುತ್ತವೆ. ಗೂಗಲ್ ಸಲಹೆಗಳಲ್ಲಿ ಉದ್ಯಮಿಯೊಬ್ಬರ ಹೆಸರಿನೊಂದಿಗೆ ‘ವಂಚನೆ’ ಎಂಬ ಪದ ಕಾಣಿಸಿಕೊಂಡ ಪ್ರಕರಣದಲ್ಲಿ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2013ರ ಮೇ ತಿಂಗಳಲ್ಲಿ ತೀರ್ಪಿತ್ತಿತು: ಎಲ್ಲ ಸಲಹೆಗಳನ್ನೂ ಮುಂಚಿತವಾಗಿ ಪರಿಶೀಲಿಸುವ ಹೊಣೆ ಕಂಪನಿಗಿಲ್ಲ, ಆದರೆ ಹಕ್ಕಿಗೆ ಧಕ್ಕೆಯಾದದ್ದು ಗಮನಕ್ಕೆ ಬಂದ ಮೇಲೆ ಅದನ್ನು ತಡೆಯಲೇಬೇಕು. ಅತಿಯಾದ ನಿಯಂತ್ರಣಕ್ಕೂ ನಿದರ್ಶನವಿದೆ: 2011ರಲ್ಲಿ ಗೂಗಲ್ ಪೈರಸಿ ತಡೆಗೆಂದು ಕೆಲವು ಪದಗಳನ್ನು ಸಲಹೆಗಳಿಂದ ಕೈಬಿಟ್ಟಾಗ, ಕಾನೂನುಬದ್ಧ ಬಳಕೆಯೂ ಇರುವ, ಕಡತ ಹಂಚಿಕೆ ತಂತ್ರಜ್ಞಾನವಾದ ಬಿಟ್‌ಟೊರೆಂಟ್ ಹೆಸರೂ ಮರೆಯಾಯಿತು. ಸಲಹೆ ತೆಗೆದರೂ ಪೂರ್ಣ ಪದ ಬರೆದು ಹುಡುಕಲು ಅಡ್ಡಿಯಿಲ್ಲ. ಆದರೂ ಇಂಥ ಅತಿರೇಕವಾಗದಂತೆ ಮಾನಹಾನಿ, ದ್ವೇಷಗಳಿಗಷ್ಟೇ ಸೀಮಿತವಾದ, ನಿಯಮಗಳು ಬಹಿರಂಗವಾಗಿರುವ ನಿಯಂತ್ರಣವೇ ನ್ಯಾಯಸಮ್ಮತ.