ಇಪ್ಪತ್ತನಾಲ್ಕು ವರ್ಷ ಕಾದ ನಾಡು



ಸದಾ ಸೋಲುವ ತಂಡದ ಅಭಿಮಾನಿಯ ಸಂಕಟ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಸದಾ ಗೆಲ್ಲುವ ತಂಡದ ಅಭಿಮಾನಿಗೂ ಒಂದು ಸಂಕಟವಿದೆ ಎಂದರೆ ನಂಬುತ್ತೀರಾ? ಪ್ರತಿ ವರ್ಷ ತರಗತಿಗೆ ಮೊದಲಿಗನಾಗಿ ಬರುವ ಹುಡುಗನ ಮನೆಯನ್ನು ನೆನಪಿಸಿಕೊಳ್ಳಿ. ಒಂದು ವರ್ಷ ಅವನು ಎರಡನೆಯವನಾಗಿ ಬಂದರೆ ಆ ಮನೆಯಲ್ಲಿ ಅಂದು ಒಲೆ ಹಚ್ಚುವುದೂ ತಡವಾಗುತ್ತದೆ. ಪಕ್ಕದ ಮನೆಯ ಹುಡುಗ ಬರೀ ಪಾಸಾದದ್ದಕ್ಕೆ ಬೀದಿಗೆಲ್ಲ ಸಿಹಿ ಹಂಚಿರುತ್ತಾರೆ! ಆಸೆ ಬೇರೆ, ನಿರೀಕ್ಷೆ ಬೇರೆ. ಈ ವ್ಯತ್ಯಾಸವನ್ನು ಒಂದು ಇಡೀ ದೇಶ ಇಪ್ಪತ್ತನಾಲ್ಕು ವರ್ಷಗಳ ಕಾಲ ಕಲಿತ ಕಥೆಯೇ ಇಂದಿನ ನಮ್ಮ ವಿಷಯ. ದೇಶ ನ್ಯೂಜಿಲೆಂಡ್, ಆಟ ರಗ್ಬಿ.

ಆಟದ ಪರಿಚಯ ಎರಡು ಮಾತಿನಲ್ಲಿ ಹೀಗೆ: ಪ್ರತಿ ತಂಡಕ್ಕೆ 15 ಆಟಗಾರರು, 80 ನಿಮಿಷ, ಮೊಟ್ಟೆಯಾಕಾರದ ಚೆಂಡು. ಚೆಂಡನ್ನು ಹಿಡಿದು ಮುಂದಕ್ಕೆ ಓಡಬಹುದು, ಒದೆಯಬಹುದು. ಆದರೆ ಕೈಯಿಂದ ಜೊತೆಗಾರನಿಗೆ ಎಸೆಯುವಾಗ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು 'ಟ್ರೈ', ಅದಕ್ಕೆ ಈಗ 5 ಅಂಕ. ಟ್ರೈ ಆದ ಮೇಲಿನ ಒದೆತ ಗುರಿ ಸೇರಿದರೆ ಇನ್ನೂ 2 ಅಂಕ, ಪೆನಾಲ್ಟಿ ಒದೆತಕ್ಕೆ 3 ಅಂಕ.

ಈ ಆಟ ನಮ್ಮ ನೆಲಕ್ಕೆ ತೀರ ಹೊಸದಲ್ಲ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತೆಯಲ್ಲಿ ಬ್ರಿಟಿಷರು ರಗ್ಬಿ ಆಡಿದರು. ಮುಂದೆ ಅಲ್ಲಿನ ಕ್ಲಬ್ಬು ಮುಚ್ಚಿದಾಗ ಬ್ಯಾಂಕಿನಲ್ಲಿ ಉಳಿದಿದ್ದ 270 ಬೆಳ್ಳಿ ರೂಪಾಯಿಗಳನ್ನು ಕರಗಿಸಿ, ನಾಗರಹಾವಿನ ಹಿಡಿಕೆಗಳೂ ಮುಚ್ಚಳದ ಮೇಲೊಂದು ಆನೆಯೂ ಇರುವ ಕಪ್ಪು ಮಾಡಿಸಿದರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇಂದಿಗೂ ಸೆಣಸುವುದು ಆ 'ಕಲ್ಕತ್ತಾ ಕಪ್'ಗಾಗಿಯೇ.

ನಿರೀಕ್ಷೆ ಹುಟ್ಟಿದ್ದು ಹೇಗೆ?

ನ್ಯೂಜಿಲೆಂಡಿಗರಿಗೆ ರಗ್ಬಿ ಏಕೆ ಇಷ್ಟು ಮುಖ್ಯ? ಉತ್ತರಕ್ಕೆ 1905ಕ್ಕೆ ಹೋಗಬೇಕು. ಆಗ ಅದು ಹತ್ತು ಲಕ್ಷಕ್ಕೂ ಕಡಿಮೆ ಜನರಿದ್ದ, ಭೂಪಟದ ಅಂಚಿನಲ್ಲಿದ್ದ ಒಂದು ಬ್ರಿಟಿಷ್ ವಸಾಹತು. ಡೇವ್ ಗ್ಯಾಲಹರ್ ನಾಯಕತ್ವದ ತಂಡವೊಂದು ಹಡಗು ಹತ್ತಿ ಬ್ರಿಟನ್ನಿಗೆ ಹೋಯಿತು. ಆ ಪ್ರವಾಸದ 35 ಪಂದ್ಯಗಳಲ್ಲಿ 34ನ್ನು ಗೆದ್ದಿತು. ಸೋತದ್ದು ಒಂದೇ, ಡಿಸೆಂಬರ್ 16ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ, 3-0ಯಿಂದ. ಅಂದು ಬಾಬ್ ಡೀನ್ಸ್ ಎಂಬ ಆಟಗಾರ ಗೆರೆ ಮುಟ್ಟಿದ್ದನೋ ಇಲ್ಲವೋ ಎಂಬ ವಾದ ನೂರು ವರ್ಷ ಕಳೆದರೂ ಮುಗಿಯಲಿಲ್ಲ. 34 ಗೆಲುವುಗಳ ಜೊತೆಗೆ ಆ ಒಂದು ಸೋಲನ್ನೂ ಜನ ನೆನಪಿಟ್ಟುಕೊಂಡರು!

ಕಪ್ಪು ಉಡುಪಿನ ಈ ತಂಡಕ್ಕೆ 'ಆಲ್ ಬ್ಲ್ಯಾಕ್ಸ್' ಎಂಬ ಹೆಸರು ಪ್ರಸಿದ್ಧವಾದದ್ದು ಆ ಪ್ರವಾಸದಲ್ಲೇ. 1924-25ರ ಪ್ರವಾಸದಲ್ಲಿ ಅವರ ಉತ್ತರಾಧಿಕಾರಿಗಳು 32 ಪಂದ್ಯಗಳನ್ನಾಡಿ ಒಂದನ್ನೂ ಸೋಲಲಿಲ್ಲ. ತಮ್ಮನ್ನು ಆಳುವ ದೊಡ್ಡ ದೇಶವನ್ನು ಅದರದೇ ಆಟದಲ್ಲಿ ಮಣಿಸಬಹುದು ಎಂದು ಸಣ್ಣ ನಾಡಿಗೆ ತಿಳಿಯಿತು. ಅಲ್ಲಿಂದ ಮುಂದೆ ಗೆಲುವು ಹಬ್ಬವಾಗಿ ಉಳಿಯದೆ ನಿತ್ಯದ ಊಟದಂತಾಯಿತು.

ಒಡೆದ ಮನೆ, ಕೂಡಿಸಿದ ಕಪ್

ಆದರೆ ಈ ಅಭಿಮಾನಕ್ಕೆ ಒಂದು ಕಪ್ಪು ಪುಟವೂ ಇದೆ. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದೊಂದಿಗೆ ನ್ಯೂಜಿಲೆಂಡ್ ಆಟ ಮುಂದುವರಿಸಿತ್ತು. 1960ರ ಪ್ರವಾಸಕ್ಕೆ ಅಲ್ಲಿನ ಸರಕಾರದ ಮರ್ಜಿಗೆ ತಕ್ಕಂತೆ ಮಾವೊರಿ ಆಟಗಾರರನ್ನು ಬಿಟ್ಟೇ ಹೋಗಿತ್ತು. 1976ರಲ್ಲಿ ನ್ಯೂಜಿಲೆಂಡ್ ತಂಡ ಮತ್ತೆ ಅಲ್ಲಿಗೆ ಹೋದದ್ದನ್ನು ಪ್ರತಿಭಟಿಸಿ ಆಫ್ರಿಕಾದ ಅನೇಕ ದೇಶಗಳು ಮಾಂಟ್ರಿಯಲ್ ಒಲಿಂಪಿಕ್ಸ್ ಅನ್ನೇ ಬಹಿಷ್ಕರಿಸಿದವು.

1981ರಲ್ಲಿ ದಕ್ಷಿಣ ಆಫ್ರಿಕಾ ತಂಡ ನ್ಯೂಜಿಲೆಂಡಿಗೆ ಬಂದಾಗ ದೇಶವೇ ಇಬ್ಭಾಗವಾಯಿತು. ಹ್ಯಾಮಿಲ್ಟನ್‌ನಲ್ಲಿ ಪ್ರತಿಭಟನಕಾರರು ಮೈದಾನಕ್ಕೆ ನುಗ್ಗಿ ಪಂದ್ಯವನ್ನು ನಿಲ್ಲಿಸಿದರು. ಆಕ್ಲೆಂಡಿನ ಈಡನ್ ಪಾರ್ಕಿನಲ್ಲಿ ಕೊನೆಯ ಟೆಸ್ಟ್ ನಡೆಯುತ್ತಿದ್ದಾಗ ಪುಟ್ಟ ವಿಮಾನವೊಂದು ತಲೆಯ ಮೇಲೆ ಹಾರಾಡುತ್ತ ಹಿಟ್ಟಿನ ಪೊಟ್ಟಣಗಳನ್ನು ಎಸೆಯಿತು. ಒಂದೇ ಮನೆಯಲ್ಲಿ ತಂದೆ ಪ್ರೇಕ್ಷಕರ ಸಾಲಿನಲ್ಲಿ, ಮಗಳು ಪ್ರತಿಭಟನೆಯ ಸಾಲಿನಲ್ಲಿ ಇರುವಂತಹ ದಿನಗಳವು. 1986ರಲ್ಲಿ ಪ್ರಮುಖ ಆಟಗಾರರಲ್ಲಿ ಬಹುಮಂದಿ ಅನುಮತಿಯಿಲ್ಲದೆಯೇ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಆಡಿ ಬಂದರು. ಜನರ ಮನಸ್ಸು ಇನ್ನಷ್ಟು ಮುರಿಯಿತು.

ಈ ಹಿನ್ನೆಲೆಯಲ್ಲಿ 1987ರ ಮೊದಲ ವಿಶ್ವಕಪ್ ನಡೆಯಿತು. ಜೂನ್ 20ರಂದು ಅದೇ ಈಡನ್ ಪಾರ್ಕಿನಲ್ಲಿ ನ್ಯೂಜಿಲೆಂಡ್ ಫ್ರಾನ್ಸನ್ನು 29-9ರಿಂದ ಸೋಲಿಸಿತು. ಕಪ್ ಎತ್ತಿದ ನಾಯಕ ಡೇವಿಡ್ ಕರ್ಕ್, 1986ರ ಪ್ರವಾಸಕ್ಕೆ ಹೋಗಲು ಒಪ್ಪದಿದ್ದವರು. ಗಾಯಗೊಂಡು ಹೊರಗುಳಿದಿದ್ದ ಆಂಡಿ ಡಾಲ್ಟನ್ ಆ ಪ್ರವಾಸದ ನಾಯಕರಾಗಿದ್ದವರು. ಕರ್ಕ್ ಅವರನ್ನೂ ಕರೆದು ಕಪ್ಪಿಗೆ ಕೈಹಚ್ಚಿಸಿದರು. ಒಡೆದ ಮನೆ ಕೂಡಿಕೊಂಡಿತು ಎಂದು ಅನೇಕರಿಗೆ ಅನ್ನಿಸಿತು. ಇನ್ನು ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಹೀಗೆಯೇ ಎಂದೂ ಅನ್ನಿಸಿತು.

ಐದು ಸಲ ಬರಿಗೈ

ಆಮೇಲೆ ಏನಾಯಿತು ನೋಡಿ. 1991ರ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು 16-6ರ ಸೋಲು. 1995ರಲ್ಲಿ ಇಪ್ಪತ್ತು ವರ್ಷದ ಜೋನಾ ಲೋಮು ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ನಾಲ್ಕು ಟ್ರೈ ಗಳಿಸಿದಾಗ ಇನ್ನು ತಡೆಯುವವರೇ ಇಲ್ಲ ಎಂದರು. ಫೈನಲ್‌ಗೆ ಮುನ್ನ ಹಲವು ಆಟಗಾರರು ಹೊಟ್ಟೆ ಕೆಟ್ಟು ಮಲಗಿದರು. ಜೊಹಾನ್ಸ್‌ಬರ್ಗ್‌ನಲ್ಲಿ ಹೆಚ್ಚುವರಿ ಅವಧಿಯಲ್ಲಿ ಜೋಯೆಲ್ ಸ್ಟ್ರಾನ್ಸ್‌ಕಿ ಒದ್ದ ಚೆಂಡು ದಕ್ಷಿಣ ಆಫ್ರಿಕಾಕ್ಕೆ 15-12ರ ಜಯ ತಂದಿತು. 6ನೇ ಸಂಖ್ಯೆಯ ಅಂಗಿ ತೊಟ್ಟ ನೆಲ್ಸನ್ ಮಂಡೇಲಾ ಕಪ್ ನೀಡಿದ ಚಿತ್ರವನ್ನು ನೀವು ನೋಡಿರಬಹುದು. ಜಗತ್ತಿಗೆ ಅದೊಂದು ಹೊಸ ಬೆಳಗು, ನ್ಯೂಜಿಲೆಂಡಿನ ಮನೆಗಳಲ್ಲಿ ಮಾತ್ರ ಕತ್ತಲೆ.

1999ರ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 24-10ರಿಂದ ಮುಂದಿದ್ದವರು 43-31ರಿಂದ ಸೋತರು. ತರಬೇತುದಾರ ಜಾನ್ ಹಾರ್ಟ್ ರಾಜೀನಾಮೆ ಕೊಟ್ಟರು. ಜನರ ಸಿಟ್ಟು ಅಷ್ಟಕ್ಕೆ ನಿಲ್ಲಲಿಲ್ಲ. ಕ್ರೈಸ್ಟ್‌ಚರ್ಚ್‌ನ ಕುದುರೆ ಪಂದ್ಯದಲ್ಲಿ ಹಾರ್ಟ್ ಅವರ ಕುದುರೆಯ ಮೇಲೂ ಉಗುಳಿದರೆಂದು ವರದಿಯಾಯಿತು. ಕುದುರೆ ಮಾಡಿದ ತಪ್ಪೇನು? 2003ರ ಸೆಮಿಫೈನಲ್‌ನಲ್ಲಿ ಮತ್ತೆ ಆಸ್ಟ್ರೇಲಿಯಾ, 22-10. ಮತ್ತೆ ತರಬೇತುದಾರರ ಬದಲಾವಣೆ.

2007ಕ್ಕೆ ಸಿದ್ಧತೆ ಎಲ್ಲಿಯವರೆಗೆ ಹೋಯಿತೆಂದರೆ, 22 ಮುಖ್ಯ ಆಟಗಾರರನ್ನು ದೇಶದೊಳಗಿನ ಋತುವಿನ ಮೊದಲ ವಾರಗಳಲ್ಲಿ ಆಡಿಸದೆ ವ್ಯಾಯಾಮಕ್ಕೆ ಹಚ್ಚಿದರು. ತಮ್ಮ ಊರಿನ ತಂಡ ನೋಡಲು ಹಣ ಕೊಟ್ಟು ಬಂದ ಅಭಿಮಾನಿಗೆ ಆ ಋತುವಿನಲ್ಲಿ ನೋಡಬೇಕಾದವರೇ ಕಾಣಲಿಲ್ಲ. ಆಗಲಿ, ಕಪ್ ಬರುತ್ತದಲ್ಲ ಎಂದು ಸಹಿಸಿದರು. ಕಾರ್ಡಿಫ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸ್ 20-18ರಿಂದ ಅವರನ್ನು ಮನೆಗೆ ಕಳಿಸಿತು. ಹಿಂದೆಂದೂ ಅವರು ಅಷ್ಟು ಬೇಗ ಹೊರಬಿದ್ದಿರಲಿಲ್ಲ.

ದೂರದರ್ಶನದವನಾಗಿ ಇಲ್ಲೊಂದು ಮಾತು ಹೇಳಬೇಕು. ಫ್ರಾನ್ಸಿನ ನಿರ್ಣಾಯಕ ಟ್ರೈಗೆ ಮುನ್ನ ಚೆಂಡು ಮುಂದಕ್ಕೆ ಎಸೆಯಲ್ಪಟ್ಟದ್ದು ಟಿವಿ ಮರುಪ್ರಸಾರದಲ್ಲಿ ಕಾಣುತ್ತಿತ್ತು. ರೆಫರಿ ವೇಯ್ನ್ ಬಾರ್ನ್ಸ್ ಅವರಿಗೆ ಕಂಡಿರಲಿಲ್ಲ. ಆಗಿನ ನಿಯಮದಂತೆ ಅಂಥ ಎಸೆತದ ಬಗ್ಗೆ ಟಿವಿಯ ಸಹಾಯ ಕೇಳುವಂತೆಯೂ ಇರಲಿಲ್ಲ. ಹತ್ತು ಕ್ಯಾಮೆರಾಗಳ ಕಣ್ಣಿನಿಂದ ನಿಧಾನಗತಿಯಲ್ಲಿ ನೋಡುವವನು, ಎರಡೇ ಕಣ್ಣಿನಿಂದ ಓಡುತ್ತ ನೋಡುವವನನ್ನು ಕಳ್ಳನೆನ್ನುವುದು ಬಲು ಸುಲಭ. ಬಾರ್ನ್ಸ್ ಅವರಿಗೆ ಬೆದರಿಕೆಗಳೂ ಬಂದವು.

ಲೆಕ್ಕ ಏನು ಹೇಳುತ್ತದೆ?

ಇದಕ್ಕೆಲ್ಲ 'ಶಾಪ' ಎಂದವರಿದ್ದರು. 'ಒತ್ತಡದಲ್ಲಿ ಕುಸಿಯುವ ತಂಡ' ಎಂದವರು ಇನ್ನೂ ಹೆಚ್ಚು. ವಿಜ್ಞಾನದ ವಿದ್ಯಾರ್ಥಿಗಳು ಪೆನ್ಸಿಲ್ ತೆಗೆದುಕೊಳ್ಳಿ. ಆಲ್ ಬ್ಲ್ಯಾಕ್ಸ್ ತಮ್ಮ ಚರಿತ್ರೆಯಲ್ಲಿ ಸರಿಸುಮಾರು ನಾಲ್ಕರಲ್ಲಿ ಮೂರು ಟೆಸ್ಟ್ ಗೆದ್ದವರು. ಅಂದರೆ ಒಂದು ಪಂದ್ಯ ಗೆಲ್ಲುವ ಸಂಭವನೀಯತೆ 0.75 ಎಂದಿಟ್ಟುಕೊಳ್ಳೋಣ. ಕಪ್ ಗೆಲ್ಲಲು ಕ್ವಾರ್ಟರ್‌ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ ಸಾಲಾಗಿ ಗೆಲ್ಲಬೇಕು. 0.75 × 0.75 × 0.75 = 0.42. ನೋಡಿದಿರಾ? ಜಗತ್ತಿನ ಅತ್ಯುತ್ತಮ ತಂಡಕ್ಕೂ ಕಪ್ ಸಿಗದಿರುವ ಸಂಭವವೇ ಹೆಚ್ಚು!

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಒಮ್ಮೆ ಕಪ್ ತಪ್ಪುವ ಸಂಭವ 0.58. ಐದು ಸಲ ಸತತವಾಗಿ ತಪ್ಪಬೇಕಾದರೆ 0.58ನ್ನು ಐದು ಸಲ ಗುಣಿಸಬೇಕು. ಬರುವುದು ಸುಮಾರು 0.066, ಅಂದರೆ ಹದಿನೈದರಲ್ಲಿ ಒಂದು. ಆದರೆ ಕೊನೆಯ ಹಂತದ ಎದುರಾಳಿಗಳು ಬಲಿಷ್ಠರು. ಅಲ್ಲಿ ಗೆಲ್ಲುವ ಸಂಭವ ಮೂರರಲ್ಲಿ ಎರಡು ಎಂದು ಹಿಡಿದರೆ ಕಪ್ ಸಿಗುವ ಸಂಭವ 0.30ಕ್ಕೆ ಇಳಿಯುತ್ತದೆ, ಐದು ಸಲ ತಪ್ಪುವುದು ಸುಮಾರು ಆರರಲ್ಲಿ ಒಂದಕ್ಕೆ ಏರುತ್ತದೆ. ದಾಳ ಒಮ್ಮೆ ಉರುಳಿಸಿ ಆರು ಬೀಳುವುದು ಎಷ್ಟು ಅಪರೂಪವೋ ಅಷ್ಟೇ ಅಪರೂಪ. ಇದರಲ್ಲಿ ಶಾಪವೆಲ್ಲಿದೆ?

ತಂಡ ತಪ್ಪೇ ಮಾಡಲಿಲ್ಲವೆಂದು ಇದರ ಅರ್ಥವಲ್ಲ. ಆದರೆ ಪ್ರತಿ ಪಂದ್ಯವನ್ನೂ ಗೆಲ್ಲುವ ಅಭ್ಯಾಸದಿಂದ ಹುಟ್ಟಿದ ನಿರೀಕ್ಷೆಯನ್ನು ಅಭಿಮಾನಿಗಳು ಹಾಗೆಯೇ ಕಪ್ಪಿನ ಮೇಲೆ ಹೇರಿದರು. ಗುಣಾಕಾರವನ್ನು ಯಾರೂ ಮಾಡಲಿಲ್ಲ.

ತಿರುವು

2007ರ ಡಿಸೆಂಬರ್‌ನಲ್ಲಿ ಅಲ್ಲಿನ ರಗ್ಬಿ ಮಂಡಳಿ ಎಂದೂ ಮಾಡದ ಕೆಲಸ ಮಾಡಿತು. ಸೋತ ತರಬೇತುದಾರ ಗ್ರಹಾಂ ಹೆನ್ರಿ ಅವರನ್ನೇ ಮತ್ತೆ ನೇಮಿಸಿತು. ಅನೇಕರು ಬಯಸಿದ್ದ ರಾಬಿ ಡೀನ್ಸ್ ಆಸ್ಟ್ರೇಲಿಯಾದ ತರಬೇತುದಾರರಾಗಿ ಹೋದರು. ಸೋಲಿನ ಕಾರಣಗಳ ಮೇಲೆ ಸ್ವತಂತ್ರ ವರದಿ ಬಂತು. ಆಟಗಾರರು ಒತ್ತಡದ ಗಳಿಗೆಯಲ್ಲಿ ಮನಸ್ಸನ್ನು ಹಿಡಿತದಲ್ಲಿಡುವುದನ್ನು ಮನೋವೈದ್ಯರ ನೆರವಿನಿಂದ ಕಲಿತರು. ಬೈಗುಳದ ಬದಲು ವಿಶ್ಲೇಷಣೆ ನಡೆಯಿತು.

2011ರ ವಿಶ್ವಕಪ್ ನ್ಯೂಜಿಲೆಂಡಿನಲ್ಲೇ ನಡೆಯಬೇಕಿತ್ತು. ಆ ವರ್ಷ ಫೆಬ್ರವರಿ 22ರಂದು ಕ್ರೈಸ್ಟ್‌ಚರ್ಚ್‌ನಲ್ಲಿ ಭೂಕಂಪವಾಗಿ 185 ಜನ ಸತ್ತರು. ಆ ನಗರದ ಪಂದ್ಯಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಪಂದ್ಯಾವಳಿ ಆರಂಭವಾದ ಮೇಲೆ ಪ್ರಮುಖ ಒದೆತಗಾರ ಡ್ಯಾನ್ ಕಾರ್ಟರ್ ಗಾಯಗೊಂಡರು, ಅವರ ಬದಲಿಗನೂ ಗಾಯಗೊಂಡ. ಆಗ ಕರೆ ಹೋದದ್ದು ಸ್ಟೀಫನ್ ಡೊನಾಲ್ಡ್ ಅವರಿಗೆ. ಹಿಂದಿನ ವರ್ಷ ಹಾಂಗ್‌ಕಾಂಗ್‌ನಲ್ಲಿ ಆಸ್ಟ್ರೇಲಿಯಾ ಎದುರು ಸೋತಾಗ ಜನ ಹೊಣೆಯನ್ನೆಲ್ಲ ಹೊರಿಸಿ ಹಳಿದಿದ್ದು ಇವರನ್ನೇ. ಕರೆ ಬಂದಾಗ ಅವರು ವೈಕಾಟೊ ನದಿಯಲ್ಲಿ ಮೀನು ಹಿಡಿಯುತ್ತಿದ್ದರು.

ಸೆಮಿಫೈನಲ್‌ನಲ್ಲಿ ಡೀನ್ಸ್ ಅವರ ಆಸ್ಟ್ರೇಲಿಯಾವನ್ನು 20-6ರಿಂದ ಮಣಿಸಿ ತಂಡ ಫೈನಲ್ ತಲುಪಿತು. ಅಕ್ಟೋಬರ್ 23, ಈಡನ್ ಪಾರ್ಕ್, ಎದುರಿಗೆ ಮತ್ತೆ ಫ್ರಾನ್ಸ್. ನಾಯಕ ರಿಚಿ ಮೆಕ್‌ಕಾ ಮೂಳೆ ಮುರಿದ ಪಾದದಲ್ಲೇ ಆಡುತ್ತಿದ್ದರು. ಪಂದ್ಯದ ನಡುವೆ ಮೂರನೆಯ ಒದೆತಗಾರನೂ ಕುಂಟುತ್ತ ಹೊರಹೋದ. ಡೊನಾಲ್ಡ್ ಒಳಗೆ ಬಂದರು, ಪೆನಾಲ್ಟಿ ಒದ್ದರು, 3 ಅಂಕ ಬಂತು. ಕೊನೆಯ ಅಂಕ 8-7. ಆ ಮೂರು ಅಂಕಗಳನ್ನು ಕಳೆದು ನೋಡಿ! ಯಾರನ್ನು ಮತ್ತೆ ಕಾಣಬಾರದೆಂದು ಅಭಿಮಾನಿಗಳು ಬಯಸಿದ್ದರೋ ಅವರ ಕಾಲಿನಿಂದಲೇ ಕಪ್ ಬಂತು.

ಲೆಕ್ಕಕ್ಕೆ ಬಾರದ ಕಪ್‌ಗಳು

ಇಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು. ನ್ಯೂಜಿಲೆಂಡ್ ನಿಜವಾಗಿ ಇಪ್ಪತ್ತನಾಲ್ಕು ವರ್ಷ ಕಾದಿತ್ತೇ? ಆ ದೇಶದ ಮಹಿಳಾ ತಂಡ 1998, 2002, 2006 ಮತ್ತು 2010ರಲ್ಲಿ ಸಾಲಾಗಿ ನಾಲ್ಕು ವಿಶ್ವಕಪ್ ಗೆದ್ದಿತ್ತು! ಪುರುಷರ ಸೋಲಿಗೆ ದೇಶ ಶೋಕಿಸುತ್ತಿದ್ದಾಗ ಈ ಗೆಲುವುಗಳು ಪತ್ರಿಕೆಯ ಮೂಲೆಯಲ್ಲಿ ಕುಳಿತಿದ್ದವು. 2022ರ ನವೆಂಬರ್ 12ರಂದು ಅದೇ ಈಡನ್ ಪಾರ್ಕಿನಲ್ಲಿ 42,000ಕ್ಕೂ ಹೆಚ್ಚು ಜನರ ಎದುರು ಅವರು ಇಂಗ್ಲೆಂಡನ್ನು 34-31ರಿಂದ ಸೋಲಿಸಿ ಆರನೆಯ ಕಪ್ ಎತ್ತಿದಾಗ ದೇಶದ ಕಣ್ಣು ಪೂರ್ತಿ ತೆರೆಯಿತು. ಯಾರ ಗೆಲುವನ್ನು ನಿರೀಕ್ಷಿಸುತ್ತೇವೆ, ಯಾರದನ್ನು ಗಮನಿಸುವುದೇ ಇಲ್ಲ ಎನ್ನುವುದೂ ಇತಿಹಾಸದ ವಿಷಯವೇ.

ಮುಂದಿನ ಋತುಗಳು

ಪುರುಷರು 2015ರಲ್ಲಿ ಆಸ್ಟ್ರೇಲಿಯಾವನ್ನು 34-17ರಿಂದ ಸೋಲಿಸಿ ಮತ್ತೆ ಗೆದ್ದರು. 2019ರ ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿಗೆ, 2023ರ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಸೋತರು. ಆ ಕೊನೆಯ ಸೋಲು 12-11ರಿಂದ, ಒಂದೇ ಒಂದು ಅಂಕ. 2027ರ ವಿಶ್ವಕಪ್ ಆಸ್ಟ್ರೇಲಿಯಾಕ್ಕೆ ನಿಗದಿಯಾಗಿದೆ. ತಂಡಗಳ ಸಂಖ್ಯೆಯನ್ನು 20ರಿಂದ 24ಕ್ಕೆ ಏರಿಸಿರುವುದರಿಂದ ಕಪ್ಪಿಗೆ ಮುನ್ನ ಸಾಲಾಗಿ ಗೆಲ್ಲಬೇಕಾದ ಪಂದ್ಯಗಳು ಮೂರಲ್ಲ, ನಾಲ್ಕು. ಮೇಲಿನ ಲೆಕ್ಕವನ್ನು ಇನ್ನೊಮ್ಮೆ 0.75ರಿಂದ ಗುಣಿಸಿ, ಉತ್ತರವನ್ನು ನಿಮ್ಮ ಪುಸ್ತಕದಲ್ಲಿ ಬರೆದಿಡಿ. ಅಲ್ಲಿನ ಅಭಿಮಾನಿಯ ನಿರೀಕ್ಷೆಗೆ ಅದು ಕಹಿ ಅಂಕಿ. ಆಸೆಗೆ ಮಾತ್ರ ಅಡ್ಡಿಯಿಲ್ಲ. ಮೂರರಲ್ಲಿ ಒಂದು ಸಲದಷ್ಟು ಅವಕಾಶವಿದ್ದರೂ ಅದಕ್ಕೆ ಸಾಕು.

ನೀವು ಅಭಿಮಾನಿಸುವ ತಂಡ ಮುಂದಿನ ಋತುವಿಗೆ ಇಳಿಯುವಾಗ ಈ ಗುಣಾಕಾರವನ್ನು ನೆನಪಿಸಿಕೊಳ್ಳಿ. ಪರೀಕ್ಷೆಯ ಫಲಿತಾಂಶ ಬಂದ ದಿನ ಮನೆಯ ಹಿರಿಯರಿಗೂ ಒಮ್ಮೆ ತೋರಿಸಿ.