ಹೊಗೆ ಯಾವುದು, ಬೆಂಕಿ ಯಾವುದು?

‘ಉರಿಯೂತ’ವೆಂಬ ಮಾತನ್ನು ಬಿಡಿಸಿದರೆ ಉರಿ, ಊತ ಎಂದಾಗುತ್ತದೆ. ಇದು ಹುಣ್ಣಿನಲ್ಲಿ ಮಾತ್ರವಲ್ಲ, ಧಮನಿಯ ಒಳಗೋಡೆಯಲ್ಲಿಯೂ ಉಂಟೆಂದು 1856ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋ ಪ್ರತಿಪಾದಿಸಿದನು. 1913ರಲ್ಲಿ ರಷ್ಯದ ಅನಿಚ್‌ಕೋವ್ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ ಧಮನಿ ಕೆಡುವುದನ್ನು ತೋರಿಸಿದನು. ಕ್ರಮೇಣ ಎಲ್ಲರ ಗಮನವೂ ಕೊಬ್ಬಿನ ಕಡೆಗೆ ಹೊರಳಿತು.

1997ರಲ್ಲಿ ಅಮೆರಿಕದ ಪಾಲ್ ರಿಡ್ಕರ್ ಮತ್ತು ಸಂಗಡಿಗರು, ರಕ್ತದಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್ ಹೆಚ್ಚಿದ್ದವರಲ್ಲಿ ಮುಂದೆ ಹೃದಯಾಘಾತವೂ ಹೆಚ್ಚೆಂದು ಕಂಡರು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯನ್ನು ಊಹಿಸು ಎನ್ನುತ್ತದೆ ನಮ್ಮ ತರ್ಕಶಾಸ್ತ್ರ. ಹೊಗೆಯೇ ಬೆಂಕಿ ಎನ್ನುವುದಿಲ್ಲ. ಇದನ್ನು ಬಗೆಹರಿಸಿದ್ದು ವಂಶಪಾರಂಪರ್ಯವಾಗಿ ಬಂದ ವ್ಯತ್ಯಾಸಗಳು. ಹುಟ್ಟಿನಿಂದಲೇ ಆ ಪ್ರೋಟೀನ್ ಹೆಚ್ಚಿರುವವರಿಗೆ ಹೃದ್ರೋಗ ಹೆಚ್ಚಿಲ್ಲವೆಂದು 2011ರಲ್ಲಿ ತಿಳಿದುಬಂತು, ಅದು ಹೊಗೆ. ಉರಿಯನ್ನು ಹೊತ್ತಿಸುವ ಇಂಟರ್‌ಲ್ಯೂಕಿನ್-6ರ ಕೆಲಸ ಹುಟ್ಟಿನಿಂದಲೇ ತುಸು ಮಂದವಾಗಿರುವವರಿಗೆ ಹೃದ್ರೋಗ ಕಡಿಮೆಯೆಂದು 2012ರಲ್ಲಿ ಗೊತ್ತಾಯಿತು, ಬೆಂಕಿ ಅಲ್ಲಿತ್ತು. 2017ರಲ್ಲಿ ಸುಮಾರು 10,000 ರೋಗಿಗಳ ಮೇಲಿನ ಪ್ರಯೋಗದಲ್ಲಿ, ಕೊಲೆಸ್ಟರಾಲ್ ತಗ್ಗಿಸದೆ ಉರಿಯೂತವನ್ನಷ್ಟೇ ತಗ್ಗಿಸಿದ ಕೆನಕಿನುಮ್ಯಾಬ್ ಎಂಬ ಮದ್ದು ಹೃದಯಾಘಾತವನ್ನು ಇಳಿಸಿತು. ಆದರೆ ಮಾರಕ ಸೋಂಕನ್ನು ಹೆಚ್ಚಿಸಿತು.

ತಂದೆಗೆ ಹೃದಯಾಘಾತವಾಗಿತ್ತೆಂದು ಹಣೆಬರಹವೆನ್ನಬೇಡಿ. ಇಂಥ ಒಂದೊಂದು ವ್ಯತ್ಯಾಸದ ಬಲ ಅಲ್ಪ. ಬೀಡಿ ಸಿಗರೇಟುಗಳು ಈ ಉರಿಗೆ ತುಪ್ಪ ಸುರಿಯುತ್ತವೆ. ಅವನ್ನು ಬಿಡುವುದು ನಿಮ್ಮ ಕೈಯಲ್ಲೇ ಇದೆ.