ಊರ ಕೆಲಸದ ಸರದಿ

ಮೈಸೂರಿನ ಜಯಲಕ್ಷ್ಮಿಪುರಂ ಬಡಾವಣೆಯ ನೆರೆಹೊರೆಯ ಹೆಸರುಗಳನ್ನು ಒಮ್ಮೆ ಬಾಯಲ್ಲಿ ಆಡಿಸಿ ನೋಡಿ: ಪಡುವಾರಹಳ್ಳಿ, ಒಂಟಿಕೊಪ್ಪಲು, ಕುಂಬಾರಕೊಪ್ಪಲು, ಮಂಚೇಗೌಡನಕೊಪ್ಪಲು, ಹೆಬ್ಬಾಳು. ಪುರ, ನಗರ, ಗಿರಿ ಎಂಬ ಹೊಸ ಹೆಸರುಗಳ ನಡುವೆ ಈ ಹಳ್ಳಿ ಕೊಪ್ಪಲುಗಳು ತಮ್ಮ ಹಳೆಯ ಹೆಸರನ್ನು ಬಿಡದೆ ಉಳಿದುಕೊಂಡಿವೆ. ಕೊಪ್ಪಲು ಎಂದರೆ ಸಣ್ಣ ಹಳ್ಳಿ. ನಾಲ್ಕಾರು ಮನೆ, ಒಂದು ಬಾವಿ, ಒಂದು ಗುಡಿ, ಒಂದು ಅರಳಿಕಟ್ಟೆ, ಇಷ್ಟಿದ್ದರೆ ಅದು ಕೊಪ್ಪಲು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಮೈಸೂರಿನ ಇಕ್ಕಟ್ಟಾದ ಕೇರಿಗಳನ್ನು ಕಾಡಿತು. 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿ ಏರ್ಪಟ್ಟಿತು. ಅಗಲವಾದ ಬೀದಿಗಳೂ ಗಾಳಿ ಬೆಳಕಿನ ಮನೆಗಳೂ ಉಳ್ಳ ಹೊಸ ಬಡಾವಣೆಗಳು ಒಂದಾದಮೇಲೊಂದು ಎದ್ದುವು. ಊರ ಸುತ್ತಣ ಹೊಲಗಳು ನಿವೇಶನಗಳಾದುವು. ನಗರ ನಡೆದು ನಡೆದು ಕೊಪ್ಪಲುಗಳ ಬಾಗಿಲಿಗೇ ಬಂದು ನಿಂತಿತು. ಹೀಗೆ ಹಳ್ಳಿಯೂ ಬಡಾವಣೆಯೂ ಒಂದೇ ಗೋಡೆಗೆ ಒರಗಿಕೊಂಡ ಕಡೆ ಒಂದು ಪ್ರಶ್ನೆ ಹುಟ್ಟುತ್ತದೆ. ಹಳ್ಳಿಯಲ್ಲಿ ಊರವರೆಲ್ಲ ಕೂಡಿ ಮಾಡುತ್ತಿದ್ದ ಕೆಲಸವೊಂದಿತ್ತಲ್ಲ, ಅದನ್ನು ಇಲ್ಲಿ ಯಾರು ಮಾಡಬೇಕು? ಕಂದಾಯ ಕಟ್ಟಿದ ಮೇಲೆ ನಮಗೂ ಬೀದಿಗೂ ಸಂಬಂಧ ತೀರಿತೆ?

ಹಿಂದಿನ ಕಾಲದಲ್ಲಿ ಎಲ್ಲರೂ ಒಂದೇ ಮನೆಯವರಂತೆ ಇದ್ದರು, ಈಗ ಕಾಲ ಕೆಟ್ಟಿತು ಎಂದು ನಿಟ್ಟುಸಿರು ಬಿಡುವುದು ಸುಲಭ. ಚರಿತ್ರೆ ಅಷ್ಟು ಸುಲಭವಾದ ಮಾತನ್ನು ಒಪ್ಪುವುದಿಲ್ಲ. ಊರ ಕೆಲಸಕ್ಕೆ ನಮ್ಮ ಭಾಷೆಯಲ್ಲಿ ಎರಡು ಹಳೆಯ ಮಾತುಗಳಿವೆ. ಆ ಎರಡು ಮಾತುಗಳನ್ನು ಬಿಡಿಸಿ ನೋಡಿದರೆ ನಿಜ ಸ್ಥಿತಿ ತಿಳಿಯುತ್ತದೆ.

ಮೊದಲನೆಯ ಮಾತು ಬಿಟ್ಟಿ. ಇಂದು ನಾವು ಪುಕ್ಕಟೆಯಾಗಿ ಸಿಕ್ಕಿದ್ದಕ್ಕೆಲ್ಲ ಬಿಟ್ಟಿ ಎನ್ನುತ್ತೇವೆ. ಈ ಮಾತು ಸಂಸ್ಕೃತದ ವಿಷ್ಟಿ ಎಂಬುದರ ತದ್ಭವ. ವಿಷ್ಟಿ ಎಂದರೆ ಕೂಲಿ ಕೊಡದೆ ಬಲಾತ್ಕಾರದಿಂದ ಮಾಡಿಸಿಕೊಳ್ಳುವ ದುಡಿಮೆ. ನಮ್ಮ ಶಾಸನಗಳಲ್ಲಿ ದತ್ತಿ ಬಿಟ್ಟ ಭೂಮಿಗೆ ಇಂತಿಂಥ ತೆರಿಗೆ ಇಲ್ಲ, ಬಿಟ್ಟಿಯೂ ಇಲ್ಲ ಎಂಬ ಮಾತು ಬರುವುದುಂಟು. ವಿನಾಯಿತಿ ಕೊಡಬೇಕಾದರೆ ಆ ಭಾರ ಇದ್ದೇ ಇರಬೇಕಷ್ಟೆ. ಅಧಿಕಾರಿಯ ಸಾಮಾನು ಹೊರುವುದು, ದಾರಿ ಸವರುವುದು, ಹಬ್ಬಕ್ಕೆ ಚಪ್ಪರ ಹಾಕುವುದು ಮುಂತಾದ ಎಷ್ಟೋ ಊರ ಕೆಲಸಗಳು ಊರಿನ ಎಲ್ಲರ ಪಾಲಿಗೆ ಬರಲಿಲ್ಲ. ಕೇರಿಯ ಹೊರಗಿದ್ದವರ ತಲೆಗೆ ಬಂದುವು. ಅದನ್ನು ಒಗ್ಗಟ್ಟು ಎಂದು ಹೊಗಳುವುದು ನ್ಯಾಯವಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 23ನೆಯ ಅನುಚ್ಛೇದ ಬಿಟ್ಟಿ ಚಾಕರಿಯನ್ನು ನಿಷೇಧಿಸಿದುದು ಸುಮ್ಮನೆಯಲ್ಲ.

ಎರಡನೆಯ ಮಾತು ಮುಯ್ಯಿ. ಇದರ ದಾರಿಯೇ ಬೇರೆ. ಇಂದು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯ ಇಬ್ಬರು ಬಂದರೆ, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯ ಇಬ್ಬರು ಬರಬೇಕು. ಇದೇ ಮುಯ್ಯಾಳಿನ ಪದ್ಧತಿ. ಮದುವೆಯ ಮನೆಗೆ ಒಯ್ಯುವ ಉಡುಗೊರೆಗೂ ಇದೇ ಹೆಸರು. ಇಲ್ಲಿ ಬಲಾತ್ಕಾರವಿಲ್ಲ, ದಾನವೂ ಇಲ್ಲ. ಕೊಟ್ಟವನು ದೊಡ್ಡವನಾಗುವುದಿಲ್ಲ, ಪಡೆದವನು ಚಿಕ್ಕವನಾಗುವುದಿಲ್ಲ. ಬಿಟ್ಟಿಯಲ್ಲಿ ಕೆಲಸ ಮೇಲಿನಿಂದ ಕೆಳಗೆ ಉರುಳುತ್ತದೆ. ಮುಯ್ಯಿಯಲ್ಲಿ ಅದು ಮನೆಯಿಂದ ಮನೆಗೆ ಸುತ್ತುತ್ತದೆ. ಊರಿನ ಬಾಳನ್ನು ನಿಜವಾಗಿ ಕಟ್ಟಿದುದು ಈ ಸುತ್ತು, ಎಂದರೆ ಸರದಿ.

ಕೆರೆಯ ಮಾತನ್ನೇ ತೆಗೆದುಕೊಳ್ಳಿ. ಕೆರೆ ಕಟ್ಟಿಸಿದ ಪುಣ್ಯಾತ್ಮರ ಹೆಸರನ್ನು ನಾವು ಪಾಠದಲ್ಲಿ ಓದುತ್ತೇವೆ. ಆದರೆ ಕೆರೆ ಕಟ್ಟಿಸುವುದು ಒಂದು ಸಲದ ಕೆಲಸ. ಅದನ್ನು ಉಳಿಸುವುದು ವರ್ಷವರ್ಷದ ಕೆಲಸ. ನಮ್ಮ ಹಿರಿಯರಿಗೆ ಈ ವ್ಯತ್ಯಾಸ ಗೊತ್ತಿತ್ತು. ಶಾಸನಗಳಲ್ಲಿ ಬರುವ ಬಿತ್ತುವಟ್ಟ ಎಂಬುದು ಕೆರೆಯ ಸಂಬಂಧವಾಗಿ ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು. ಹೂಳು ಹೊರುವ ಬಂಡಿಯ ವೆಚ್ಚಕ್ಕೆಂದೇ ದತ್ತಿ ಬಿಟ್ಟ ಉದಾಹರಣೆಗಳೂ ಉಂಟು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ನೀರುಗಂಟಿ ಎಂಬಾತ ತೂಬು ತೆರೆದು ಗದ್ದೆಗದ್ದೆಗೆ ಸರದಿಯಂತೆ ನೀರು ಹಾಯಿಸುತ್ತಿದ್ದ. ಈ ಕೆಲಸ ಬಹುಮಟ್ಟಿಗೆ ಊರು ಹೊರಗಿಟ್ಟ ಜನರ ಪಾಲಿಗೆ ಬಂದಿತ್ತೆಂಬುದನ್ನು ಇಲ್ಲಿ ಮರೆಯಬಾರದು. ಒಂದೇ ಕೆರೆಯ ಏರಿಯ ಮೇಲೆ ಬಿಟ್ಟಿಯ ಕಹಿಯೂ ಸರದಿಯ ನ್ಯಾಯವೂ ಒಟ್ಟಿಗೇ ಇದ್ದುವು. ನಾವು ಉಳಿಸಿಕೊಳ್ಳಬೇಕಾದುದು ಎರಡನೆಯದನ್ನು ಮಾತ್ರ.

ಕಾಲ ಕಳೆದಂತೆ ಕೆರೆಕಟ್ಟೆಗಳ ಹೊಣೆ ಸರ್ಕಾರದ ಇಲಾಖೆಗಳಿಗೆ ಸರಿಯಿತು. ಊರವರ ಕೈ ಸಡಿಲವಾಯಿತು. ಇದನ್ನು ಮೈಸೂರು ಸಂಸ್ಥಾನದ ಆಡಳಿತದವರೇ ಕಂಡುಕೊಂಡರು. 1911ರಲ್ಲಿ ಕೆರೆ ಪಂಚಾಯಿತಿಗಳ ಕಾನೂನು ಬಂದಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1914ರಲ್ಲಿ, ಗ್ರಾಮ ಸುಧಾರಣೆಯ ಯೋಜನೆ ಆರಂಭವಾಯಿತು. ಊರೂರಿಗೆ ಒಂದು ಸಮಿತಿ. ಊರವರು ವಾರವಾರವೂ ಸ್ವಲ್ಪ ಹೊತ್ತು ತಾವೇ ದುಡಿದು ಬಾವಿ, ದಾರಿ, ಚರಂಡಿಗಳನ್ನು ನೆಟ್ಟಗೆ ಮಾಡಿಕೊಳ್ಳಬೇಕೆಂಬುದು ಅದರ ತಿರುಳು. ಅಣೆಕಟ್ಟು ಕಾರ್ಖಾನೆಗಳನ್ನು ಕಟ್ಟಿಸಿದ ಮಹಾನುಭಾವರು ಹಳ್ಳಿಯ ಚರಂಡಿಗೆ ವಾರದ ಲೆಕ್ಕ ಹಾಕಿದುದನ್ನು ಗಮನಿಸಿ. ದೊಡ್ಡ ಕೆಲಸಕ್ಕೆ ಹಣ ಬೇಕು. ಸಣ್ಣ ಕೆಲಸಕ್ಕೆ ವಾರ ಬೇಕು.

ಇನ್ನು ನಮ್ಮ ಬಡಾವಣೆಗಳ ಕಡೆ ತಿರುಗೋಣ. ರೇಡಿಯೊ ಕೇಳುವ ನಿಮಗೆ ಹತ್ತಿರದ ಉದಾಹರಣೆಯೊಂದು ಒಂಟಿಕೊಪ್ಪಲಿನಲ್ಲೇ ಇದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 30 ವ್ಯಾಟಿನ ಒಂದು ಪ್ರೇಷಕವನ್ನಿಟ್ಟುಕೊಂಡು ಬಾನುಲಿ ಪ್ರಸಾರವನ್ನು ಆರಂಭಿಸಿದರು. 30 ವ್ಯಾಟು ಎಂದರೆ ಎಷ್ಟು? ಹಳೆಯ ಕಾಲದ ಒಂದು ಸಣ್ಣ ದೀಪದ ಬುರುಡೆಗೆ ಬೇಕಾಗುತ್ತಿದ್ದಷ್ಟು. ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂದಿತು. ಆ ಹೆಸರನ್ನು ಸೂಚಿಸಿದ ಕೀರ್ತಿ ನಾ. ಕಸ್ತೂರಿಯವರಿಗೆ ಸಲ್ಲುತ್ತದೆ. ಮುಂದೆ ಇಡೀ ದೇಶದ ಬಾನುಲಿಯೇ ಆ ಹೆಸರನ್ನು ತನ್ನದಾಗಿ ಮಾಡಿಕೊಂಡಿತು.

ಅದು ಸರ್ಕಾರದ ಅಪ್ಪಣೆಯಿಂದ ಹುಟ್ಟಿದ ನಿಲಯವಲ್ಲ, ಲಾಭಕ್ಕಾಗಿ ತೆರೆದ ಅಂಗಡಿಯೂ ಅಲ್ಲ. ಒಬ್ಬರು ಮೇಷ್ಟರು ತಮ್ಮ ಕೈಹಣ ಹಾಕಿ, ತಮ್ಮ ಮನೆ ಬಿಟ್ಟುಕೊಟ್ಟು, ಊರಿಗಾಗಿ ಮಾಡಿದ ಕೆಲಸ. ಆದರೆ ಒಬ್ಬರ ಕೈಚೀಲ ಎಷ್ಟು ದಿನ ತಡೆದೀತು? ಕೆಲವು ವರ್ಷಗಳ ಮೇಲೆ ನಗರಸಭೆ ನೆರವಿಗೆ ಬಂದಿತು. 1942ರಲ್ಲಿ ಸಂಸ್ಥಾನದ ಸರ್ಕಾರವೇ ನಿಲಯವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಅಖಿಲ ಭಾರತ ಬಾನುಲಿಯೊಡನೆ ಸೇರಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ತನ್ನದೇ ಆದ ನಿಲಯ ಸಿಕ್ಕಬೇಕಾದರೆ 1974ರವರೆಗೆ ಕಾಯಬೇಕಾಯಿತು. ಗೋಪಾಲಸ್ವಾಮಿಯವರ ಸಾಹಸವನ್ನು ಕೊಂಡಾಡುವಾಗ ಇಷ್ಟನ್ನೂ ನೆನೆಯಬೇಕು: ಒಬ್ಬರ ತ್ಯಾಗ ಕೆಲಸವನ್ನು ಹುಟ್ಟಿಸಬಲ್ಲದು, ಅದು ಬಾಳಬೇಕಾದರೆ ಎರಡನೆಯವರ ಕೈ ಸಿದ್ಧವಾಗಿರಬೇಕು.

ಎರಡನೆಯವರ ಕೈಯನ್ನು ಮೊದಲೇ ಸಿದ್ಧಪಡಿಸಿದ ಉದಾಹರಣೆಯೂ ಮೈಸೂರಿನಲ್ಲೇ ಇದೆ. 1940ರ ಸುಮಾರಿನಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಅಕ್ಷರ ಬಾರದ ವಯಸ್ಕರಿಗೆ ಓದುಬರಹ ಕಲಿಸುವ ತರಗತಿಗಳನ್ನು ತೆರೆದರು. ವಿದ್ಯಾರ್ಥಿ ಎಂದರೆ ಎರಡು ಮೂರು ವರ್ಷದ ಅತಿಥಿ. ಪರೀಕ್ಷೆ ಮುಗಿದರೆ ಊರಿಗೆ ಹೊರಟ. ಆದ್ದರಿಂದ ಆ ಕೆಲಸ ಯಾರೋ ಒಬ್ಬರ ಹುರುಪಿಗೆ ಅಂಟಿಕೊಳ್ಳದೆ, 1941ರಲ್ಲಿ ಒಂದು ಸಮಿತಿಯ ರೂಪ ತಾಳಿತು. ಅದೇ ಮುಂದೆ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯಾಯಿತು. ಹೊಸದಾಗಿ ಓದು ಕಲಿತವರಿಗಾಗಿ ಬೆಳಕು ಎಂಬ ವಾರಪತ್ರಿಕೆಯನ್ನು ನಡೆಸಿತು. ಹಳ್ಳಿಯ ತರುಣರಿಗಾಗಿ ವಿದ್ಯಾಪೀಠಗಳನ್ನು ತೆರೆಯಿತು. ನಂಜನಗೂಡಿನ ವಿದ್ಯಾಪೀಠ 1947ರದು. ಸಂಜೆಯ ತರಗತಿಗೆ ಸೀಮೆಎಣ್ಣೆಯ ದೀಪ ಹಿಡಿದು ಹೋಗುವ ಹುಡುಗ ಬದಲಾಗಬಹುದು. ತರಗತಿ ನಿಲ್ಲಬಾರದು ಎಂಬ ಎಚ್ಚರ ಅಲ್ಲಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಶ್ರಮದಾನ ಎಂಬ ಮಾತು ಬಳಕೆಗೆ ಬಂದಿತು. 1952ರ ಅಕ್ಟೋಬರ್ 2ರಂದು ದೇಶದ 55 ಕ್ಷೇತ್ರಗಳಲ್ಲಿ ಸಮುದಾಯ ಅಭಿವೃದ್ಧಿಯ ಯೋಜನೆ ಆರಂಭವಾಯಿತು. ಗುದ್ದಲಿ ಹಿಡಿದ ಕೈಗಳು ಎಷ್ಟೋ ರಸ್ತೆಗಳನ್ನೂ ಶಾಲೆಗಳನ್ನೂ ಎಬ್ಬಿಸಿದುವು. ಆದರೆ ಐದು ವರ್ಷ ಕಳೆಯುತ್ತಿದ್ದಂತೆ, 1957ರಲ್ಲಿ, ಬಲವಂತರಾಯ ಮೆಹತಾ ಸಮಿತಿಯವರು ಅದನ್ನು ಪರಿಶೀಲಿಸಿ ಒಂದು ಕಹಿ ಸತ್ಯವನ್ನು ಹೇಳಿದರು: ಯೋಜನೆಯು ಜನರ ಸ್ವಂತ ಉತ್ಸಾಹವನ್ನು ಎಬ್ಬಿಸುವುದರಲ್ಲಿ ಸಫಲವಾಗಲಿಲ್ಲ, ಊರಿನ ಕೆಲಸವನ್ನು ಊರು ಆರಿಸಿದ ಪಂಚಾಯಿತಿಗೇ ಬಿಡಬೇಕು. ಯಾವ ಕೆಲಸ, ಎಂದು, ಹೇಗೆ ಎಂಬುದೆಲ್ಲ ಕಚೇರಿಯಲ್ಲಿ ಗೊತ್ತಾಗಿ, ಗುದ್ದಲಿ ಮಾತ್ರ ಊರವರ ಕೈಗೆ ಬಂದರೆ ಏನಾಗುತ್ತದೆ? ಹಳೆಯ ಬಿಟ್ಟಿಯ ನೆನಪು ಬರುತ್ತದೆ. ಹೆಸರಿನಲ್ಲಿ ದಾನವಿದ್ದರೂ ಮನಸ್ಸು ಒಪ್ಪುವುದಿಲ್ಲ.

ಇದೆಲ್ಲ ಹಳೆಯ ಕತೆಯಾಯಿತು, ಇಂದಿನ ನಗರಕ್ಕೆ ಇದು ಹೊಂದೀತೆ ಎಂದು ನೀವು ಕೇಳಬಹುದು. ಜಯಲಕ್ಷ್ಮಿಪುರಕ್ಕೆ ದೂರವಲ್ಲದ ಕುಂಬಾರಕೊಪ್ಪಲನ್ನು ನೋಡಿ. ಒಂದು ಕಾಲದ ಹಳ್ಳಿ. ಈಗ ನಗರದ ಒಂದು ಭಾಗ. ಅಲ್ಲಿ ವಾರ್ಡಿನ ನಾಗರಿಕರ ಒಕ್ಕೂಟದವರೂ ಮಹಿಳಾ ಸ್ವಸಹಾಯ ಗುಂಪಿನವರೂ ಪಾಲಿಕೆಯೊಡನೆ ಕೂಡಿ, ಮನೆಮನೆಯ ಕಸವನ್ನು ಬೇರ್ಪಡಿಸಿ, ಹಸಿಯದನ್ನು ಗೊಬ್ಬರ ಮಾಡಿ, ಒಣಗಿದ್ದನ್ನು ಮಾರಿ, ಎಲ್ಲರೂ ಮೂಗು ಮುಚ್ಚಿಕೊಳ್ಳುವ ಕೆಲಸವನ್ನು ಮಾದರಿಯಾಗಿ ನಡೆಸಿ ತೋರಿಸಿದರು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶದ 73 ನಗರಗಳ ನಡುವೆ ಮೈಸೂರು ಮೊದಲನೆಯದಾಗಿ ನಿಂತಿತು. ಬಹುಮಾನ ಬಂದಾಗ ನಾವೆಲ್ಲರೂ ಮೈಸೂರಿನವರೇ. ಆದರೆ ಕಸ ವಿಂಗಡಿಸಿದ ಕೈ ಯಾರದು ಎಂದು ಕೇಳಿಕೊಳ್ಳದಿದ್ದರೆ, ಬಿಟ್ಟಿಯ ಕಾಲಕ್ಕೂ ನಮ್ಮ ಕಾಲಕ್ಕೂ ಏನು ವ್ಯತ್ಯಾಸ? ಅಡಿಗೆಮನೆಯಲ್ಲಿ ಹಸಿಯದನ್ನೂ ಒಣದನ್ನೂ ಎರಡು ಬುಟ್ಟಿಗೆ ಹಾಕುವುದು ನಮ್ಮ ಸರದಿ. ಅದನ್ನು ತಪ್ಪಿಸಿದರೆ ನಮ್ಮ ಕೆಲಸ ಕೂಲಿ ಕಡಿಮೆಯಿರುವ ಇನ್ನೊಬ್ಬರ ತಲೆಯ ಮೇಲೆ ಹೊರೆಯಾಗಿ ಕೂರುತ್ತದೆ.

ಜಯಲಕ್ಷ್ಮಿಪುರದ ಬೀದಿಗಳಲ್ಲಿ ಹೊಸ ಮನೆಗಳೂ ಅಂಗಡಿಗಳೂ ಏಳುತ್ತಿವೆ. ಕೊಪ್ಪಲಿನಲ್ಲಿ ಹುಟ್ಟಿದವರು, ಬಡಾವಣೆಗೆ ಬಂದು ಮನೆ ಕಟ್ಟಿದವರು, ಕಾಲೇಜಿನ ಸಲುವಾಗಿ ಕೊಠಡಿ ಹಿಡಿದವರು, ಕೆಲಸಕ್ಕಾಗಿ ದೂರದೂರಿಂದ ಬಂದವರು ಒಂದೇ ತಿರುವಿನಲ್ಲಿ ವಾಸವಾಗಿದ್ದಾರೆ. ಇವರನ್ನೆಲ್ಲ ಕೂಡಿಸಲು ಒಂದು ದೊಡ್ಡ ಸಭೆ ಸಾಲದು. ವರ್ಷಕ್ಕೊಂದು ಉತ್ಸವವೂ ಸಾಲದು. ಒಂದು ಸಣ್ಣ ಕೆಲಸವನ್ನು ಹಿಡಿಯಿರಿ. ಬೀದಿಯ ಎಳೆಗಿಡಗಳಿಗೆ ಬೇಸಗೆಯಲ್ಲಿ ನೀರೆರೆಯುವುದಾಗಲಿ, ಒಂಟಿಯಾಗಿರುವ ವೃದ್ಧರನ್ನು ದಿನಕ್ಕೊಮ್ಮೆ ವಿಚಾರಿಸುವುದಾಗಲಿ, ಸಂಜೆ ಒಂದು ಗಂಟೆ ಮಕ್ಕಳಿಗೆ ಪಾಠ ಹೇಳುವುದಾಗಲಿ. ಮಾಡುವವರೇ ಕೂತು ಕೆಲಸವನ್ನು ಗೊತ್ತುಮಾಡಲಿ. ದೊಡ್ಡ ಗೇಟಿನ ಮನೆಗೂ ಬಾಡಿಗೆಯ ಕೊಠಡಿಗೂ ಸರದಿ ಒಂದೇ ಆಗಿರಲಿ. ಒಬ್ಬರ ವಾರ ಮುಗಿಯುವ ಮೊದಲೇ ಮುಂದಿನವರ ಹೆಸರು ಹಾಳೆಯ ಮೇಲೆ ಬರೆದಿರಲಿ. ಹೊಸದಾಗಿ ಬಂದವರ ಹೆಸರನ್ನು ಮೊದಲ ತಿಂಗಳಲ್ಲೇ ಸೇರಿಸಿಕೊಳ್ಳಿ. ಉಪಕಾರ ಪಡೆದವರು ಅತಿಥಿಗಳಾಗಿಯೇ ಉಳಿಯುತ್ತಾರೆ. ಸರದಿ ಪಡೆದವರು ಊರವರಾಗುತ್ತಾರೆ.

ಹುಣಸೂರು ರಸ್ತೆಯ ಆಚೆ, ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿ, ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಿದೆ. ಹಳ್ಳಿಯ ಬಾಳಿಗೆ ಸಂಬಂಧಪಟ್ಟ ವಸ್ತುಗಳನ್ನು ಅಲ್ಲಿ ಜೋಪಾನವಾಗಿ ಕೂಡಿಟ್ಟಿದ್ದಾರೆ. ತೆರೆದಿದೆಯೇ ಎಂದು ವಿಚಾರಿಸಿಕೊಂಡು, ಬಿಡುವಿದ್ದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ವಸ್ತುಗಳನ್ನು ಸಂಗ್ರಹಾಲಯದಲ್ಲಿ ಉಳಿಸಬಹುದು. ಮುಯ್ಯಿಯನ್ನು ಹಾಗೆ ಉಳಿಸುವುದಕ್ಕಾಗುವುದಿಲ್ಲ. ಅದು ಮಾಡುವವರ ಕೈಯಲ್ಲಿ ಮಾತ್ರ ಉಳಿಯುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ಗಾದೆ. ನಿಮ್ಮ ಬೀದಿಯಲ್ಲಿ ಆ ಹೊರೆಯನ್ನು ಈಗ ಒಬ್ಬರೇ ಹೊರುತ್ತಿದ್ದಾರೆಯೇ, ವಿಚಾರಿಸಿ ನೋಡಿ. ಹೊರುತ್ತಿದ್ದರೆ, ಈ ವಾರದ ಕಡ್ಡಿ ನಿಮ್ಮದು.